ಅಜ್ಜ ಮಾಡಿದ್ದಕ್ಕೆ ಮೊಮ್ಮಗ ಎಲ್ಲಿವರೆಗೆ ತಲೆ ತಗ್ಗಿಸಬೇಕು?

ಕುತೂಹಲಿ:
ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಓದಿಕೊಂಡವರು ಇದ್ದೀರಿ, ಹೇಳಿ.

2015ರ ಆಗಸ್ಟ್ 14ರಂದು ಜಪಾನಿನ ಆಗಿನ ಪ್ರಧಾನಿ ಶಿಂಜೊ ಅಬೆ ಒಂದು ಹೇಳಿಕೆ ಕೊಟ್ಟರು. ಎರಡನೇ ಮಹಾಯುದ್ಧ ಮುಗಿದು 70 ವರ್ಷ ಆಗಿತ್ತು. ಈಗಿರುವ ಜನರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಯುದ್ಧದ ನಂತರ ಹುಟ್ಟಿದವರು, ಆ ಯುದ್ಧಕ್ಕೆ ಏನೇನೂ ಸಂಬಂಧ ಇಲ್ಲದ ಮಕ್ಕಳು ಮೊಮ್ಮಕ್ಕಳು ಕ್ಷಮೆ ಕೇಳುತ್ತಲೇ ಇರಬೇಕು ಅನ್ನುವ ಹಣೆಬರಹ ಅವರಿಗೆ ಬೇಡ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದನ್ನು ಹೇಳಿದ್ದಕ್ಕೆ, ಆಗ ಜಪಾನಿನ ಕೈಯಲ್ಲಿ ನರಳಿದ್ದ ಚೀನಾ, ಕೊರಿಯಾದಲ್ಲಿ ಜನ ಸಿಟ್ಟಾದರು.

ನನಗೆ ಆ ಮಾತಿನಲ್ಲಿ ತಪ್ಪು ಕಾಣುತ್ತಿಲ್ಲ. ಕೊಂದವನು ಸತ್ತ. ಕೊಂದವನ ಮಗನೂ ಸಾಯುವ ವಯಸ್ಸಿಗೆ ಬಂದ. ಮೊಮ್ಮಗ ಸುಮ್ನೆ ಆಫೀಸಿಗೆ ಹೋಗಿ ಬರುವ ಮನುಷ್ಯ. ಅವನ ತಲೆ ಮೇಲೆ ಯಾಕೆ ಈ ಹೊರೆ?

ರೈನ್ ದಂಡೆ:
ಅದೇ ಹೇಳಿಕೆಯಲ್ಲಿ ಮುಂದಿನ ವಾಕ್ಯವನ್ನೂ ಓದಿ. ಹಾಗಿದ್ದರೂ ಜಪಾನಿಯರು ತಲೆಮಾರುಗಳಾಚೆಗೂ ಆ ಇತಿಹಾಸವನ್ನು ನೇರವಾಗಿ ಎದುರಿಸಬೇಕು ಅಂತ ಅಬೆಯೇ ಹೇಳಿದ್ದಾರೆ. ಸುದ್ದಿಯಲ್ಲಿ ಮೊದಲನೇದು ಮಾತ್ರ ಓಡಾಡಿತು.

ನಾನು ಜರ್ಮನಿಯಲ್ಲಿ ಇದ್ದೀನಿ, ಇಲ್ಲಿಯದನ್ನು ಹೇಳುತ್ತೇನೆ. ನಾವಿರುವ ಕಟ್ಟಡದ ಬಾಗಿಲ ಎದುರು ಫುಟ್‌ಪಾತ್‌ನಲ್ಲಿ ಅಂಗೈಯಷ್ಟಗಲದ ಹಿತ್ತಾಳೆ ತಗಡು ಹೊದಿಸಿದ ಎರಡು ಕಲ್ಲುಗಳಿವೆ, ನಾಜಿಗಳಿಗೆ ಬಲಿಯಾದವರ ನೆನಪಿಗೆ ಹಾಕಿದ್ದು. ಒಂದೊಂದೂ ಹತ್ತು ಸೆಂಟಿಮೀಟರ್ ಇರಬಹುದು. ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗಿ ಹೆಸರು, ಹುಟ್ಟಿದ ಇಸವಿ, ಸಾಗಿಸಿದ ದಿನ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1992ರಲ್ಲಿ ಕಲೋನ್ ನಗರದಲ್ಲಿ ಮೊದಲನೇದನ್ನು ಹಾಕಿದ್ದು. 2023ಕ್ಕೆ ಯುರೋಪಿನ ತುಂಬ ಒಂದು ಲಕ್ಷ ದಾಟಿದೆ. ಮಳೆ ಬಿಸಿಲಿಗೆ ಹಿತ್ತಾಳೆ ಕಪ್ಪಾಗುತ್ತದೆ. ಪಕ್ಕದ ಮನೆಯ ಒಬ್ಬರು ನವೆಂಬರ್ 9ರಂದು ಬಟ್ಟೆ, ಪಾಲಿಶ್ ಹಿಡಿದುಕೊಂಡು ಬಂದು ಮಂಡಿಯೂರಿ ತಿಕ್ಕುತ್ತಾರೆ. 1938ರಲ್ಲಿ ಅದೇ ರಾತ್ರಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ದು.

ಇಷ್ಟೆಲ್ಲಾ ನೋಡಿ ನಾನು ಅಂದುಕೊಂಡಿದ್ದು, ಈ ಜನ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟಿದ್ದಾರೆ ಅಂತ. ಹಾಗೇನೂ ಇಲ್ಲ. ಸಹೋದ್ಯೋಗಿಗಳ ಹತ್ತಿರ ಹಿಟ್ಲರ್ ಬಗ್ಗೆ, ಶಿಬಿರಗಳ ಬಗ್ಗೆ ಕೇಳಿ, ಇಸವಿ ಸಮೇತ ಹೇಳುತ್ತಾರೆ. ‘ನಿಮ್ಮ ಅಜ್ಜ ಆಗ ಎಲ್ಲಿದ್ದರು?’ ಅಂತ ಕೇಳಿ. ‘ರಷ್ಯಾದ ಕಡೆ ಇದ್ದರಂತೆ, ಅಡುಗೆ ವಿಭಾಗದಲ್ಲಿ.’ ಇನ್ನೊಬ್ಬರ ಅಜ್ಜ ಲಾರಿ ಡ್ರೈವರ್. ಮತ್ತೊಬ್ಬರದ್ದು ಟೆಲಿಫೋನ್ ತಂತಿ ಎಳೆಯುವ ಕೆಲಸ. ಹಾಗಾದರೆ ಬಂದೂಕು ಹಿಡಿದವರು ಯಾರು ಮಾರಾಯ್ರೇ!

ಗ್ರಂಥಾಲಯದ ಇಲಿ:
ರೈನ್ ದಂಡೆ ಅವರು ಹೇಳಿದ್ದನ್ನು ಹೆರಾಲ್ಡ್ ವೆಲ್ಟ್ಸರ್ ಅನ್ನುವ ವಿದ್ವಾಂಸರು ತಮ್ಮ ತಂಡದ ಜೊತೆ ಸೇರಿ ಅಧ್ಯಯನ ಮಾಡಿಯೇ ತೋರಿಸಿದ್ದಾರೆ. 2002ರಲ್ಲಿ ಬಂತು. 40 ಜರ್ಮನ್ ಕುಟುಂಬಗಳಲ್ಲಿ ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳನ್ನು ಬೇರೆ ಬೇರೆಯಾಗಿಯೂ ಒಟ್ಟಿಗೂ ಕೂರಿಸಿ ಮಾತಾಡಿಸಿದರು. ಅಜ್ಜ ತಾನೇ ಬಾಯಿಬಿಟ್ಟು ಹೇಳಿದ ಕೆಟ್ಟ ಸಂಗತಿ ಕೂಡ ಮೊಮ್ಮಕ್ಕಳ ಬಾಯಲ್ಲಿ ಬರುವಷ್ಟರಲ್ಲಿ ಬೇರೆ ಆಗಿರುತ್ತದೆ. ಕೊಂದ ಅಜ್ಜ ಒಳಗೊಳಗೇ ವಿರೋಧಿಸಿದ ಅಜ್ಜ ಆಗುತ್ತಾನೆ. ಯೆಹೂದಿಗಳನ್ನು ಕಂಡರೆ ಆಗದಿದ್ದ ಅಜ್ಜಿ ಯಾರನ್ನೋ ಬಚ್ಚಿಟ್ಟು ಕಾಪಾಡಿದ ಅಜ್ಜಿ ಆಗುತ್ತಾಳೆ. ಯಾರೂ ಬೇಕು ಅಂತ ಸುಳ್ಳು ಹೇಳುತ್ತಿಲ್ಲ, ಪ್ರೀತಿ ಅಷ್ಟು ಕೆಲಸ ಮಾಡುತ್ತದೆ.

ತಮಾಷೆ ಅಂದರೆ, ಶಾಲೆಯಲ್ಲಿ ನಾಜಿಗಳು ಎಷ್ಟು ಕೆಟ್ಟವರು ಅಂತ ಜಾಸ್ತಿ ಕಲಿತಷ್ಟೂ ಮಗುವಿಗೆ ತನ್ನ ಅಜ್ಜನನ್ನು ಅದರಿಂದ ಹೊರಗಿಡುವ ಅಗತ್ಯ ಜಾಸ್ತಿ ಆಗುತ್ತದೆ. ಹಾಗಾಗಿ ದೇಶದ ಪಾಪ ಒಪ್ಪಿಕೊಳ್ಳುವುದು ಒಂದು ಲೆಕ್ಕದಲ್ಲಿ ಸುಲಭ. ಮನೆ ಆಲ್ಬಮ್‌ನಲ್ಲಿ ಸಮವಸ್ತ್ರ ಹಾಕಿಕೊಂಡು ನಗುತ್ತಿರುವವನದ್ದು ಕಷ್ಟ.

ಎರಡನೇ ಶಿಫ್ಟ್:
ಎಲ್ಲಾ ಸರಿ. ಆದರೆ ಗೆದ್ದವರ ಮೊಮ್ಮಕ್ಕಳು ಯಾಕೆ ಯಾವ ಕಲ್ಲೂ ತಿಕ್ಕುತ್ತಿಲ್ಲ? 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೇಲೆ ಬಾಂಬ್ ಹಾಕಿ ಸುಮಾರು 25 ಸಾವಿರ ಜನರನ್ನು ಸಾಯಿಸಿದರು. ಹಿರೋಶಿಮಾ, ನಾಗಸಾಕಿ ಬಗ್ಗೆ ಹೇಳುವುದೇ ಬೇಡ. ಸೋತವನಿಗೆ ಮಾತ್ರ ಪಾಪಪ್ರಜ್ಞೆ ಅನ್ನುವುದು ಯಾವ ನ್ಯಾಯ?

ಹಳೇ ಮೇಷ್ಟ್ರು:
ನಿಮ್ಮ ಸಿಟ್ಟಿನಲ್ಲಿ ಅರ್ಧ ಸತ್ಯ ಇದೆ. ಗೆದ್ದವರು ತಮ್ಮ ಲೆಕ್ಕ ಯಾರಿಗೂ ಒಪ್ಪಿಸಲಿಲ್ಲ. ಯುದ್ಧ ಮುಗಿದ ಮೇಲೆ ನಾಜಿ ನಾಯಕರ ವಿಚಾರಣೆಗೆ ನ್ಯೂರೆಂಬರ್ಗ್‌ನಲ್ಲಿ ಕೂತ ನ್ಯಾಯಾಧೀಶರೆಲ್ಲಾ ನಾಲ್ಕು ಗೆದ್ದ ದೇಶದವರೇ. ಆದರೆ ‘ಅವರೂ ಮಾಡಿದರಲ್ಲ’ ಅನ್ನುವುದು 50ರ ದಶಕದ ಜರ್ಮನಿಯ ಮನೆಮನೆಯ ಮಾತಾಗಿತ್ತು, ಅದನ್ನು ಹೇಳಿಕೊಂಡೇ ಎರಡು ದಶಕ ತಳ್ಳಿದರು. ಆ ಮಾತು ನಿಜ ಆದರೂ ಉತ್ತರ ಆಗಲ್ಲ.

ಜರ್ಮನಿ 1945ರಿಂದಲೇ ಪಶ್ಚಾತ್ತಾಪ ಪಡುತ್ತಾ ಕೂತಿದೆ ಅಂತ ಬಹಳ ಜನ ತಿಳಿದಿದ್ದಾರೆ, ಶುದ್ಧ ಸುಳ್ಳು. ನಾಜಿಗಳು ಲಕ್ಷಗಟ್ಟಲೆ ಯೆಹೂದಿಗಳನ್ನು ಕೊಂದ ಆಶ್‌ವಿಟ್ಸ್ ಶಿಬಿರದಲ್ಲಿ ಕೆಲಸ ಮಾಡಿದವರು ಊರಿಗೆ ಬಂದು ಆರಾಮಾಗಿ ಬದುಕಿದರು. ಅಲ್ಲಿನ ಔಷಧ ವಿಭಾಗದ ಮುಖ್ಯಸ್ಥ ವಿಕ್ಟರ್ ಕಾಪೆಸಿಯಸ್ ಗೋಪಿಂಗೆನ್ ಅನ್ನುವ ಪಟ್ಟಣದಲ್ಲಿ ಸ್ವಂತ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದ. ಜನ ಅವನ ಹತ್ತಿರ ಕೆಮ್ಮಿನ ಔಷಧಿ ತಗೊಂಡು ಹೋಗುತ್ತಿದ್ದರು. ಇಂಥವರನ್ನು ಹಿಡಿದು ಜರ್ಮನ್ ನ್ಯಾಯಾಲಯದಲ್ಲೇ ನಿಲ್ಲಿಸಿದ್ದು ಹೆಸ್ಸೆ ರಾಜ್ಯದ ಮುಖ್ಯ ಸರ್ಕಾರಿ ವಕೀಲ ಫ್ರಿಟ್ಸ್ ಬಾವರ್. ಅವರೇ ಯೆಹೂದಿ, ನಾಜಿಗಳ ಕಾಲದಲ್ಲಿ ಜೈಲು ಕಂಡು ದೇಶ ಬಿಟ್ಟು ಓಡಿಹೋಗಿ ವಾಪಸ್ ಬಂದವರು. 1963ರ ಡಿಸೆಂಬರ್‌ನಿಂದ 1965ರ ಆಗಸ್ಟ್‌ವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಆ ವಿಚಾರಣೆ ನಡೆಯಿತು. ಸುಮಾರು 360 ಸಾಕ್ಷಿಗಳು, ಅದರಲ್ಲಿ 200ಕ್ಕೂ ಹೆಚ್ಚು ಮಂದಿ ಶಿಬಿರದಿಂದ ಬದುಕಿ ಬಂದವರು. ಯುದ್ಧದ ಹೊತ್ತಿಗೆ ಎಳೆಕೂಸಾಗಿದ್ದವರು ಆಗ ಕಾಲೇಜಿಗೆ ಬಂದಿದ್ದರು. ಪೇಪರ್ ಓದಿ ಮನೆಗೆ ಬಂದು ‘ಅಪ್ಪಾ, ನೀವು ಎಲ್ಲಿದ್ರಿ?’ ಅಂತ ಕೇಳಲು ಶುರು ಮಾಡಿದ್ದು ಆಮೇಲೆ. ಎಷ್ಟೋ ಮನೆಗಳಲ್ಲಿ ಅಪ್ಪ-ಮಕ್ಕಳ ಮಾತು ಅಲ್ಲಿಗೇ ನಿಂತುಹೋಯಿತು.

1970ರ ಡಿಸೆಂಬರ್ 7ರಂದು ಚಾನ್ಸಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ ಘೆಟ್ಟೊ (ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಸ್ಮಾರಕದ ಮುಂದೆ ಮಂಡಿಯೂರಿದರಲ್ಲ, ಆ ಫೋಟೊ ಎಲ್ಲರೂ ನೋಡಿರುತ್ತೀರಿ. ಆಗ ಒಂದು ಪತ್ರಿಕೆ ಪಶ್ಚಿಮ ಜರ್ಮನಿಯಲ್ಲಿ ಸಮೀಕ್ಷೆ ಮಾಡಿಸಿತು. ಶೇ. 48 ಜನ ಇದು ಅತಿಯಾಯಿತು ಅಂದರು, ಶೇ. 41 ಸರಿ ಅಂದರು. ಅದೂ ಬ್ರಾಂಟ್ ಯಾರು? ಹಿಟ್ಲರ್ ಬಂದ ಕೂಡಲೇ ನಾರ್ವೆಗೆ ಹೋಗಿ ಅಲ್ಲಿಂದ ವಿರೋಧಿಸಿದವರು. ಮಂಡಿಯೂರುವ ಅಗತ್ಯ ಇಲ್ಲದವರು ಊರಿದರು, ಇದ್ದವರು ಟಿವಿ ಮುಂದೆ ಕೂತು ಗೊಣಗಿದರು.

ಗ್ರಂಥಾಲಯದ ಇಲಿ:
ಮೇಷ್ಟ್ರೇ, ಅದಕ್ಕೆ ಒಂದು ಸೇರಿಸುತ್ತೇನೆ. 1985ರ ಮೇ 8ರ ಭಾಷಣ. ಪಶ್ಚಿಮ ಜರ್ಮನಿಯ ಅಧ್ಯಕ್ಷ ರಿಚರ್ಡ್ ಫಾನ್ ವೈತ್ಸೆಕರ್ ತಮ್ಮ ದೇಶ ಸೋತ ದಿನವನ್ನು ಬಿಡುಗಡೆಯ ದಿನ ಅಂತ ಕರೆದರು. ಆಗ ಹುಟ್ಟದೇ ಇದ್ದವರು ತಾವು ಮಾಡದ ಪಾಪವನ್ನು ತಮ್ಮದು ಅನ್ನಲಾರರು, ಆದರೆ ಹಿರಿಯರು ಬಿಟ್ಟುಹೋದದ್ದನ್ನು ಎಲ್ಲರೂ ಹೊರಲೇಬೇಕು ಅಂತ ಅವರು ಹೇಳಿದ್ದು ಈಗಲೂ ಶಾಲೆಗಳಲ್ಲಿ ಓದಿಸುತ್ತಾರೆ. ಕುತೂಹಲಿ ಅವರ ಪ್ರಶ್ನೆಗೆ ಅಷ್ಟು ನೇರವಾದ ಉತ್ತರ ಬೇರೆ ಸಿಗಲ್ಲ.

ಇದೇ ವೈತ್ಸೆಕರ್ ಅವರ ಅಪ್ಪ ಎರ್ನ್‌ಸ್ಟ್, ಹಿಟ್ಲರ್ ಸರ್ಕಾರದ ವಿದೇಶಾಂಗ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. 1949ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಏಳು ವರ್ಷ ಶಿಕ್ಷೆ ಆಯಿತು, ಆಮೇಲೆ ಐದಕ್ಕೆ ಇಳಿಸಿದರು. ಅಪ್ಪನ ಪರ ವಕೀಲರಿಗೆ ಸಹಾಯ ಮಾಡಿದ್ದು ಕಾನೂನು ಓದುತ್ತಿದ್ದ ಈ ಮಗನೇ! ಆ ತೀರ್ಪು ಅನ್ಯಾಯ ಅನ್ನುವುದನ್ನು ಅವರು ಕೊನೆವರೆಗೂ ಬಿಡಲಿಲ್ಲ. ಇಡೀ ದೇಶಕ್ಕೆ ಕಣ್ಣು ತೆರೆಸಿದ ಮನುಷ್ಯನಿಗೂ ಅಪ್ಪನ ವಿಷಯಕ್ಕೆ ಬಂದಾಗ ಕೈ ಬರಲಿಲ್ಲ. ನಾನು ಇದನ್ನು ಹಂಗಿಸುವುದಕ್ಕೆ ಹೇಳುತ್ತಿಲ್ಲ. ನನ್ನ ಅಪ್ಪ ಆಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ.

ತದ್ವಿರುದ್ಧ ನಿಕ್ಲಾಸ್ ಫ್ರಾಂಕ್. ಆಕ್ರಮಿತ ಪೋಲೆಂಡನ್ನು ಆಳಿದ ಹಾನ್ಸ್ ಫ್ರಾಂಕ್‌ನ ಕಿರಿಯ ಮಗ. 1946ರ ಅಕ್ಟೋಬರ್‌ನಲ್ಲಿ ಅಪ್ಪನನ್ನು ಗಲ್ಲಿಗೇರಿಸಿದಾಗ ಏಳು ವರ್ಷದ ಹುಡುಗ. ಗಲ್ಲಿನಿಂದ ಇಳಿಸಿದ ಮೇಲೆ ತೆಗೆದ ಅಪ್ಪನ ಹೆಣದ ಫೋಟೊವನ್ನು ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡಿದವರು. ಸತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಳ್ಳಲು ಆಗಾಗ ತೆಗೆದು ನೋಡುತ್ತೇನೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಪ್ಪನ ಬಗ್ಗೆ ಅವರು ಬರೆದದ್ದನ್ನು ಓದಿದರೆ ಮೈ ಉರಿಯುತ್ತದೆ. ಅವರ ಒಡಹುಟ್ಟಿದವರಿಗೇ ಅದು ಸಹಿಸಲಿಲ್ಲ. ಇನ್ನೊಂದು ತುದಿಯಲ್ಲಿ, ಶಿಬಿರಗಳನ್ನು ನಡೆಸಿದ ನಾಜಿ ಪಡೆಯ ಮುಖ್ಯಸ್ಥ ಹಿಮ್ಲರ್‌ನ ಮಗಳು ಗುಡ್ರುನ್. 2018ರಲ್ಲಿ ಸಾಯುವವರೆಗೂ ಅಪ್ಪನನ್ನು ಬಿಟ್ಟುಕೊಡಲಿಲ್ಲ, ಜೊತೆಗೆ ಹಳೇ ನಾಜಿಗಳಿಗೆ ಸಹಾಯ ಮಾಡುವ ಸಂಘದಲ್ಲೂ ಓಡಾಡಿಕೊಂಡಿದ್ದಳು.

ರಾತ್ರಿ ಓದು:
ಜೆನಿಫರ್ ಟೀಗೆ ಅವರ ವಿಷಯ ಯಾರೂ ಎತ್ತಲಿಲ್ಲವಲ್ಲ. ತಾಯಿ ಜರ್ಮನ್, ತಂದೆ ನೈಜೀರಿಯಾದವರು. ಹುಟ್ಟಿದ ಕೆಲವೇ ವಾರಕ್ಕೆ ಮಕ್ಕಳ ಆಶ್ರಮಕ್ಕೆ ಸೇರಿಸಿದರು, ಆಮೇಲೆ ಬೇರೆ ಕುಟುಂಬ ದತ್ತು ತಗೊಂಡಿತು. ದೊಡ್ಡವಳಾದ ಮೇಲೆ ಇಸ್ರೇಲಿಗೆ ಹೋಗಿ ಓದಿದಳು, ಹೀಬ್ರೂ ಕಲಿತಳು, ಅಲ್ಲಿ ಗೆಳತಿಯರು. 38ನೇ ವಯಸ್ಸಿನಲ್ಲಿ ಹ್ಯಾಂಬರ್ಗ್‌ನ ಲೈಬ್ರರಿಯಲ್ಲಿ ಯಾವುದೋ ಪುಸ್ತಕ ಕೈಗೆತ್ತಿಕೊಂಡರೆ ಒಳಗೆ ಹೆತ್ತ ತಾಯಿಯ ಫೋಟೊ. ತನ್ನ ಅಜ್ಜ ಆಮೋನ್ ಗೋಟ್, ಪೋಲೆಂಡಿನಲ್ಲಿದ್ದ ಪ್ವಾಶೊವ್ ನಾಜಿ ಶಿಬಿರದ ಕಮಾಂಡೆಂಟ್, ಅಂತ ಗೊತ್ತಾಗಿದ್ದು ಅಲ್ಲಿ ನಿಂತ ನಿಲುವಿನಲ್ಲಿ. ಖಿನ್ನತೆಗೆ ಬಿದ್ದಳು. ಇಸ್ರೇಲಿನ ಗೆಳತಿಯರಿಗೆ ಹೇಳುವುದು ಹೇಗೆ ಅಂತಲೇ ಗೊತ್ತಾಗದೆ ಬಹಳ ದಿನ ಅವರಿಂದ ದೂರ ಇದ್ದಳಂತೆ.

ಅವಳು ಏನು ಮಾಡಿದ್ದಳು ಹೇಳಿ? ಏನೂ ಇಲ್ಲ. ಆ ಅಜ್ಜನನ್ನು ನೋಡಿಯೂ ಇಲ್ಲ, ಅವನನ್ನು ಗಲ್ಲಿಗೇರಿಸಿದ್ದು 1946ರಲ್ಲಿ. ಆದರೂ ಕುತೂಹಲಿ ಅವರು ಹೇಳಿದ ಹಾಗೆ ‘ಸಂಬಂಧ ಇಲ್ಲ’ ಅಂತ ಎದ್ದು ಹೋಗಲು ಅವಳಿಗೆ ಆಗಲಿಲ್ಲ.

ಖಾಲಿ ಪುಟ:
ಭಾವನೆಯ ಮಾತು ಆಯಿತು, ದುಡ್ಡಿನ ಮಾತಾಡೋಣ. ಅಪ್ಪನ ಆಸ್ತಿ ಬೇಕು, ಅಪ್ಪನ ಸಾಲ ಬೇಡ ಅನ್ನುವ ಮಗನನ್ನು ಊರಲ್ಲಿ ಏನಂತಾರೆ? ಯುದ್ಧಕಾಲದಲ್ಲಿ ಜೀತದವರಂತೆ ಹಿಡಿದು ತಂದ ಜನರಿಂದ ದುಡಿಸಿಕೊಂಡು ಉಳಿದ ಕಾರ್ಖಾನೆಗಳು ಈಗಲೂ ಇವೆ, ಅವುಗಳ ಒಡೆಯರು ಅದೇ ಮನೆತನದವರು.

2019ರಲ್ಲೇ ಎರಡು ಘಟನೆ ನಡೆದವು. ಬಾಲ್ಸೆನ್ ಬಿಸ್ಕತ್ ಕಂಪನಿಯ ಯುವ ವಾರಸುದಾರೆ, ನಮ್ಮಲ್ಲಿ ಆ ಕೆಲಸಗಾರರನ್ನು ಚೆನ್ನಾಗಿ ನೋಡಿಕೊಂಡಿದ್ದೆವು, ಜರ್ಮನ್ನರಷ್ಟೇ ಸಂಬಳ ಕೊಟ್ಟಿದ್ದೆವು ಅಂದುಬಿಟ್ಟಳು. ಗಲಾಟೆ ಆಯಿತು, ಕ್ಷಮೆ ಕೇಳಿದಳು. ಅವಳು ಸುಳ್ಳು ಹೇಳಿದಳು ಅಂತ ನನಗನಿಸುವುದಿಲ್ಲ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದನ್ನೇ ಹೇಳಿದ್ದಾಳೆ, ಮೇಲೆ ರೈನ್ ದಂಡೆ ಹೇಳಿದ ಅಡುಗೆಭಟ್ಟ ಅಜ್ಜನ ಕಥೆಯೇ ಇದು, ದೊಡ್ಡ ಮನೆತನದ್ದು ಅಷ್ಟೇ.

ಎರಡನೇದು ರೈಮಾನ್ ಮನೆತನ, ಕಾಫಿ, ಡೋನಟ್ ಅಂತ ದೊಡ್ಡ ದೊಡ್ಡ ಕಂಪನಿಗಳಲ್ಲಿ ಪಾಲಿರುವವರು. ಇವರು ತಾವೇ ಒಬ್ಬ ಇತಿಹಾಸಕಾರನನ್ನು ನೇಮಿಸಿ ಮನೆ ಕಾಗದ ಎಲ್ಲಾ ತೆಗೆಸಿದರು. ಅಪ್ಪ, ಅಜ್ಜ ಇಬ್ಬರೂ ಹಿಟ್ಲರ್ ಭಕ್ತರು, ಬಲವಂತದ ಕೆಲಸಗಾರರನ್ನು ಹಿಂಸಿಸಿದ್ದೂ ಹೊರಬಂತು. ಆದರೆ ಅದೇ ಅಪ್ಪ ತನ್ನ ಕಂಪನಿಯಲ್ಲಿ ಕೆಲಸಕ್ಕಿದ್ದ ಎಮಿಲಿ ಲಾಂಡೆಕರ್ ಅನ್ನುವವಳ ಜೊತೆ ಸಂಬಂಧ ಇಟ್ಟುಕೊಂಡಿದ್ದ, ಮಕ್ಕಳೂ ಆದವು. ಎಮಿಲಿಯ ತಂದೆ ಆಲ್ಫ್ರೆಡ್ ಲಾಂಡೆಕರ್ ಯೆಹೂದಿ, 1942ರಲ್ಲಿ ನಾಜಿಗಳು ಸಾಗಿಸಿ ಕೊಂದವರಲ್ಲಿ ಒಬ್ಬ. ಅಂದರೆ ಇವತ್ತಿನ ವಾರಸುದಾರರಲ್ಲಿ ಕೆಲವರಿಗೆ ಒಬ್ಬ ಅಜ್ಜ ನಾಜಿ, ಇನ್ನೊಬ್ಬ ಅಜ್ಜ ನಾಜಿಗಳಿಗೆ ಬಲಿ. ಕುಟುಂಬದ ಪ್ರತಿಷ್ಠಾನಕ್ಕೆ ಈಗ ಆಲ್ಫ್ರೆಡ್ ಲಾಂಡೆಕರ್ ಹೆಸರಿಟ್ಟಿದ್ದಾರೆ. ಕಥೆ ಕಟ್ಟಿದ್ದರೆ ನಂಬುತ್ತಿರಲಿಲ್ಲ ನಾನು.

ಸರ್ಕಾರದ ಲೆಕ್ಕವೂ ಇರಲಿ. ಬಲವಂತದ ಕೆಲಸಗಾರರಿಗೆ ಪರಿಹಾರ ಅಂತ ಜರ್ಮನಿ ನಿಧಿ ಮಾಡಿದ್ದು 2000ನೇ ಇಸವಿಯಲ್ಲಿ. 1,000 ಕೋಟಿ ಮಾರ್ಕ್, ಅರ್ಧ ಸರ್ಕಾರದ್ದು, ಅರ್ಧ ಕಂಪನಿಗಳದ್ದು. 55 ವರ್ಷ ತಡ. ಅಷ್ಟರಲ್ಲಿ ದುಡಿದವರಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು.

ಕುತೂಹಲಿ:
ಆಸ್ತಿ-ಸಾಲದ ಮಾತು ನಾಟಿತು. ಆದರೆ ಏನೂ ಆಸ್ತಿ ಸಿಗದ ಸಾಮಾನ್ಯ ಸೈನಿಕನ ಮೊಮ್ಮಗನಿಗೆ ಅದು ಅನ್ವಯ ಆಗುತ್ತದಾ? ಜಪಾನಿನಲ್ಲಿ ಇಂಥ ಕೆಲಸ ಆಗಿಯೇ ಇಲ್ವಾ ಅನ್ನುವುದೂ ನನ್ನ ಪ್ರಶ್ನೆ.

ಹಳೇ ಮೇಷ್ಟ್ರು:
ಆಗಿದೆ, ನಮಗೆ ಸುದ್ದಿ ಬಂದಿಲ್ಲ ಅಷ್ಟೇ. 1993ರಲ್ಲಿ ಸರ್ಕಾರದ ವಕ್ತಾರ ಕೊನೊ ಕ್ಷಮೆ ಕೇಳಿ ಕೊಟ್ಟ ಹೇಳಿಕೆ, ಸೈನ್ಯಕ್ಕಾಗಿ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಂಗಸರ ಬಗ್ಗೆ. 1995ರಲ್ಲಿ ಪ್ರಧಾನಿ ಮುರಯಾಮ ಆಕ್ರಮಣ, ವಸಾಹತು ಆಳ್ವಿಕೆ ಎರಡನ್ನೂ ಹೆಸರಿಟ್ಟು ಹೇಳಿ ಕ್ಷಮೆ ಕೇಳಿದರು. ಇತಿಹಾಸಕಾರ ಸಬುರೊ ಇಯೆನಾಗ ತಮ್ಮ ಪಠ್ಯಪುಸ್ತಕಕ್ಕೆ ಸರ್ಕಾರ ಕತ್ತರಿ ಹಾಕಿದ್ದಕ್ಕೆ 1965ರಿಂದ 1997ರವರೆಗೆ ಕೋರ್ಟು ಅಲೆದರು.

ನನಗೆ ಜಾಸ್ತಿ ಕಾಡುವುದು ಫುಶುನ್‌ನಿಂದ ಬಂದವರು. 1950ರಲ್ಲಿ ಸೋವಿಯತ್ ಒಕ್ಕೂಟ ಸುಮಾರು ಸಾವಿರ ಜಪಾನಿ ಕೈದಿಗಳನ್ನು ಚೀನಾಕ್ಕೆ ಒಪ್ಪಿಸಿತು. ಫುಶುನ್ ಸೆರೆಮನೆಯಲ್ಲಿ ಇಟ್ಟರು. ಹೊಡೆಯಲಿಲ್ಲ, ಹೊಟ್ಟೆ ತುಂಬ ಊಟ ಕೊಟ್ಟು, ನೀವು ಮಾಡಿದ್ದನ್ನು ಬರೆಯಿರಿ ಅಂತ ಕಾಗದ ಕೊಟ್ಟರು. 1956ರಲ್ಲಿ ವಿಚಾರಣೆ ನಡೆಯಿತು, ಒಬ್ಬರಿಗೂ ಮರಣದಂಡನೆ ಆಗಲಿಲ್ಲ, ಹೆಚ್ಚಿನವರನ್ನು ಮೊಕದ್ದಮೆ ಇಲ್ಲದೇ ಊರಿಗೆ ಕಳಿಸಿದರು. ಅವರು ಸಂಘ ಕಟ್ಟಿಕೊಂಡು, ನಾನು ಇಂಥಾ ಹಳ್ಳಿಯಲ್ಲಿ ಇಂಥಾದ್ದು ಮಾಡಿದೆ ಅಂತ ಸಾರ್ವಜನಿಕವಾಗಿ ಹೇಳುತ್ತಾ ತಿರುಗಿದರು. ಚೀನಾದವರು ತಲೆ ಕೆಡಿಸಿ ಕಳಿಸಿದ್ದಾರೆ ಅಂತ ಊರವರು ದೂರ ಇಟ್ಟರು. ವಯಸ್ಸಾಗಿ 2002ರಲ್ಲಿ ಸಂಘ ಮುಚ್ಚಿದಾಗ ಕೆಲಸ ಮುಂದುವರಿಸಲು ಬಂದವರು ಅವರ ಮೊಮ್ಮಕ್ಕಳ ವಯಸ್ಸಿನವರು. ಇಲ್ಲಿ ಅಜ್ಜಂದಿರೇ ಬಾಯಿಬಿಟ್ಟಿದ್ದರು, ಹಾಗಾಗಿ ಕೇಳುವವರ ಕೆಲಸ ಸುಲಭ ಆಯಿತು. ನಿಮ್ಮ ಸಾಮಾನ್ಯ ಸೈನಿಕನ ಪ್ರಶ್ನೆಗೂ ಇದೇ ನನ್ನ ಉತ್ತರ. ಅವನಿಂದ ಆಸ್ತಿ ಬರದೇ ಇರಬಹುದು, ಅವನು ನುಂಗಿಕೊಂಡು ಹೋದ ಮಾತು ಮನೆಯಲ್ಲೇ ಉಳಿದಿರುತ್ತದೆ.

ಅದೇ ದೇಶದಲ್ಲಿ, ಯುದ್ಧಗಳಲ್ಲಿ ಸತ್ತವರನ್ನು ಪೂಜಿಸುವ ಯಾಸುಕುನಿ ದೇಗುಲವೂ ಇದೆ. 1978ರಲ್ಲಿ ‘ಎ ದರ್ಜೆ’ಯ, ಅಂದರೆ ಯುದ್ಧ ನಡೆಸಿದ ನಾಯಕರ ಸಾಲಿನ, 14 ಯುದ್ಧಾಪರಾಧಿಗಳ ಹೆಸರನ್ನು ಸದ್ದಿಲ್ಲದೆ ಅಲ್ಲಿ ಸೇರಿಸಿದರು. ಮಂತ್ರಿಗಳು ಹೋಗಿ ಕೈಮುಗಿಯುತ್ತಾರೆ. ಚಕ್ರವರ್ತಿ ಹಿರೊಹಿಟೊ ಮಾತ್ರ 1975ರ ನಂತರ ಆ ಕಡೆ ಹೋಗಲಿಲ್ಲ, ಆಮೇಲೆ ಬಂದ ಮಗನೂ ಹೋಗಲಿಲ್ಲ.

ಎರಡನೇ ಶಿಫ್ಟ್:
ಸರಿ ಮೇಷ್ಟ್ರೇ. ಆದರೆ 97 ವರ್ಷದ ಮುದುಕಿಯನ್ನು ಕೋರ್ಟಿಗೆ ಎಳೆಯುವುದು? ನಾಜಿಗಳ ಸ್ಟುಟ್‌ಹೋಫ್ ಶಿಬಿರದಲ್ಲಿ ಟೈಪಿಸ್ಟ್ ಆಗಿದ್ದವಳು. ಆಗ ಅವಳಿಗೆ 18-19, ಅದಕ್ಕೇ ಬಾಲಾಪರಾಧಿ ನ್ಯಾಯಾಲಯದಲ್ಲಿ ವಿಚಾರಣೆ ಅಂತೆ! 2022ರ ಡಿಸೆಂಬರ್‌ನಲ್ಲಿ ಎರಡು ವರ್ಷ ಶಿಕ್ಷೆ, ಅದೂ ಜೈಲಿಗೆ ಹೋಗಬೇಕಿಲ್ಲ. ಇದು ನಾಟಕ ಅಲ್ವಾ?

ಗ್ರಂಥಾಲಯದ ಇಲಿ:
ವಿಚಾರಣೆ ಶುರುವಾಗುವ ದಿನ ಆ ಮುದುಕಿ ವೃದ್ಧಾಶ್ರಮದಿಂದ ಟ್ಯಾಕ್ಸಿ ಹಿಡಿದು ಪರಾರಿ ಆಗಿದ್ದಳು, ಕೆಲವು ಗಂಟೆ ಆದ ಮೇಲೆ ಸಿಕ್ಕಳು. ಅಷ್ಟು ಗಟ್ಟಿ ಇದ್ದವರು ಕಟಕಟೆಯಲ್ಲಿ ಕೂರಬಹುದು ಬಿಡಿ. ಬದುಕುಳಿದವರು ಅಲ್ಲಿ ಸಾಕ್ಷಿ ಹೇಳಿದರು, 10,500ಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದಳು ಅಂತ ತೀರ್ಪಿನಲ್ಲಿ ಬರೆದರು. ಅದು ದಾಖಲೆ. ನಾಟಕ ಅಂದರೆ 60 ವರ್ಷ ಇವರನ್ನು ಮುಟ್ಟದೇ ಇದ್ದದ್ದು.

ರೈನ್ ದಂಡೆ:
ದಾಖಲೆ ಅಂದಿರಲ್ಲ. 1945ರಲ್ಲಿ ಸೋಲು ಖಚಿತ ಆದಾಗ ನಾಜಿ ಪಕ್ಷದ ಸದಸ್ಯತ್ವದ ಕಾರ್ಡುಗಳನ್ನೆಲ್ಲಾ ಮ್ಯೂನಿಕ್ ಹತ್ತಿರದ ಕಾಗದದ ಕಾರ್ಖಾನೆಗೆ ಕಳಿಸಿದರು, ನೆನೆಹಾಕಿ ತಿರುಳು ಮಾಡಿ ಅಂತ. ಅಲ್ಲಿನ ಯಜಮಾನ ಮಾಡಲಿಲ್ಲ. ಬೇರೆ ರದ್ದಿ ಕೆಳಗೆ ಮುಚ್ಚಿಟ್ಟು ಅಮೆರಿಕನ್ನರಿಗೆ ತಿಳಿಸಿದ. ಇವತ್ತು ಅವು ಬರ್ಲಿನ್‌ನಲ್ಲಿ ಸರ್ಕಾರಿ ಪತ್ರಾಗಾರದಲ್ಲಿವೆ. ಯಾರು ಬೇಕಾದರೂ ಅಜ್ಜನ ಹೆಸರು, ಹುಟ್ಟಿದ ತಾರೀಕು ಬರೆದು ಅರ್ಜಿ ಹಾಕಬಹುದು. ನೆದರ್ಲೆಂಡ್ಸ್‌ನವರು 2025ರ ಜನವರಿಯಲ್ಲಿ ನಾಜಿಗಳಿಗೆ ಸಹಕರಿಸಿದ ಆರೋಪ ಹೊತ್ತ ಸುಮಾರು 4,25,000 ಜನರ ಹೆಸರನ್ನು ಆನ್‌ಲೈನ್‌ನಲ್ಲೇ ಹಾಕಿದರು. ಕಡತಗಳನ್ನೂ ಹಾಕಬೇಕಿತ್ತು, ಖಾಸಗಿತನದ ತಕರಾರು ಬಂದು ನಿಂತಿತು. ಆರೋಪ ಹೊತ್ತವರೆಲ್ಲಾ ತಪ್ಪಿತಸ್ಥರಲ್ಲ, ಆದರೆ ಪಕ್ಕದ ಮನೆಯವರು ಹೆಸರು ಹುಡುಕಿದರೆ ಅದನ್ನೆಲ್ಲಾ ನೋಡುತ್ತಾರಾ?

ಟೆಲಿಫೋನ್ ತಂತಿ ಎಳೆಯುತ್ತಿದ್ದರು ಅಂತ ಹೇಳಿದ ನನ್ನ ಸಹೋದ್ಯೋಗಿ ಅರ್ಜಿ ಹಾಕಿದ್ದಾನೆ. ಅವನಮ್ಮ ಇದನ್ನು ಕೇಳಿ ಮಾತು ಬಿಟ್ಟಿದ್ದಾಳೆ. ಪತ್ರಾಗಾರದಿಂದ ಉತ್ತರ ಇನ್ನೂ ಬಂದಿಲ್ಲ.

ನನ್ನದು ಬೇರೆ ಪಜೀತಿ. ಮಗಳು ಇಲ್ಲೇ ಹುಟ್ಟಿ ಇಲ್ಲೇ ಓದುತ್ತಿದ್ದಾಳೆ, 12 ವರ್ಷ. ಶಾಲೆಯಲ್ಲಿ ಈ ಪಾಠ ಬಂದ ದಿನ ‘ಅಮ್ಮಾ, ಇದನ್ನ ನಾವು ಮಾಡಿದ್ವಾ?’ ಅಂದಳು. ಇಲ್ಲ ಅಂದರೆ ಅವಳು ಈ ದೇಶದವಳಲ್ಲ ಅಂತ ಆಗುತ್ತದೆ, ಹೌದು ಅಂದರೆ ಸುಳ್ಳಾಗುತ್ತದೆ. ಅವಳ ತರಗತಿಯಲ್ಲಿ ಅರ್ಧ ಮಕ್ಕಳ ಅಜ್ಜ-ಅಜ್ಜಿ ಟರ್ಕಿ, ಸಿರಿಯಾ, ಪೋಲೆಂಡ್ ಕಡೆಯವರು. ಈ ಕಡೆ ಕಟ್ಟಾ ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕ ಗೌಲಂಡ್ 2018ರಲ್ಲಿ, ನಮ್ಮ ಸಾವಿರ ವರ್ಷದ ಇತಿಹಾಸದಲ್ಲಿ ಹಿಟ್ಲರ್ ಕಾಲ ಬರೀ ಹಕ್ಕಿ ಹಿಕ್ಕೆಯಷ್ಟು ಅಂದರು. ಅಂಥವರ ಮೊಮ್ಮಕ್ಕಳಿಗಿಂತ ಈ ಮಕ್ಕಳೇ ಗಮನವಿಟ್ಟು ಕೇಳುತ್ತಾರೆ ಅಂತ ನನಗೊಂದು ಅನುಮಾನ. ಕಾಪಾಡಿಕೊಳ್ಳಬೇಕಾದ ಅಜ್ಜ ಯಾರೂ ಅವರಿಗಿಲ್ಲ.

ರಜೆಯಲ್ಲಿ ಅವಳನ್ನು ಆಶ್‌ವಿಟ್ಸ್‌ಗೆ ಕರೆದುಕೊಂಡು ಹೋಗೋಣ ಅಂತ ಯೋಚನೆ. ಹೋಗಿ ಬಂದವರು ಇದ್ದರೆ ಹೇಳಿ.

ರಾತ್ರಿ ಓದು:
ಈಗ ಬೇಡ ಮೇಡಂ. 14 ವರ್ಷಕ್ಕಿಂತ ಚಿಕ್ಕವರನ್ನು ತರಬೇಡಿ ಅಂತ ಅಲ್ಲಿನವರೇ ಸಲಹೆ ಕೊಡುತ್ತಾರೆ. ಕೂದಲಿನ ರಾಶಿ, ಮಕ್ಕಳ ಚಪ್ಪಲಿ ಎಲ್ಲಾ ಗಾಜಿನ ಹಿಂದೆ ಇವೆ, ದೊಡ್ಡವರಿಗೇ ನಿಲ್ಲಲು ಆಗಲ್ಲ. ನಿಮ್ಮ ಬಾಗಿಲ ಮುಂದಿನ ಎರಡು ಕಲ್ಲಿನವರು ಯಾರು ಅಂತ ಮೊದಲು ಹುಡುಕಿ, ತುಂಬಾ ಊರುಗಳಲ್ಲಿ ಆ ಹೆಸರುಗಳ ಬಗ್ಗೆ ಮಾಹಿತಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಇನ್ನೆರಡು ವರ್ಷ ಬಿಟ್ಟು ಹೋಗುವುದಾದರೆ ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಕಾಯ್ದಿರಿಸಬೇಕು. ಗೈಡ್ ಜೊತೆಗೇ ಹೋಗಿ, ಅದಕ್ಕೆ ಬೇರೆ ದುಡ್ಡು.

ರೈನ್ ದಂಡೆ:
ಥ್ಯಾಂಕ್ಸ್. ಕಲ್ಲಿನವರನ್ನು ಹುಡುಕೋಣ ಅಂದಿದ್ದಕ್ಕೆ ಮಗಳು ಈಗಲೇ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು. ಒಬ್ಬರು ನಮ್ಮ ಮಹಡಿಯಲ್ಲೇ ಇದ್ದರಾ ಅಂತ ಕೇಳುತ್ತಿದ್ದಾಳೆ, ಅದು ಹೇಗೆ ಪತ್ತೆ ಮಾಡುವುದು ಯಾರಿಗಾದರೂ ಗೊತ್ತಾ?

ಹಳೇ ಮೇಷ್ಟ್ರು:
ಆಗಿನ ಕಾಲದ ಊರಿನ ವಿಳಾಸ ಪುಸ್ತಕಗಳನ್ನು ನೋಡಿ. ನಗರ ಪತ್ರಾಗಾರದಲ್ಲಿ ಕೇಳಿ. ಬೀದಿ, ಮನೆ ನಂಬರ್ ಪ್ರಕಾರ ಯಾರು ಇದ್ದರು, ಏನು ಕೆಲಸ ಅಂತ ಇರುತ್ತದೆ, ಕೆಲವು ಊರಿನದರಲ್ಲಿ ಮಹಡಿಯನ್ನೂ ಹಾಕಿರುತ್ತಾರೆ. ಮಗಳಿಗೆ ಹೇಳಿ, ಅಕ್ಷರ ಹಳೇ ಜರ್ಮನ್ ಶೈಲಿಯಲ್ಲಿದ್ದರೆ ಓದಲು ಸ್ವಲ್ಪ ಕಷ್ಟ ಆಗಬಹುದು.